ಕೈಯಲ್ಲಿ ಉಳಿದ ಕೆಮಿಸ್ಟ್ರಿ

ಬಿಎಸ್ಸಿಯ ಕೊನೆಯ ವರ್ಷ ಒಂದೇ ಪೇಪರಿನಲ್ಲಿ ನಪಾಸಾದರೂ, ಕಲಿತದ್ದನ್ನೆಲ್ಲ ವಿಶ್ವವಿದ್ಯಾಲಯಕ್ಕೆ ಹಿಂದಿರುಗಿಸಬೇಕಿತ್ತು. ಲೈಬ್ರರಿ ಪುಸ್ತಕ ವಾಪಸ್ ಕೊಡುವ ಕೌಂಟರಿನ ಪಕ್ಕದಲ್ಲೇ ಅದಕ್ಕೂ ಒಂದು ಕೌಂಟರು. ಗುಮಾಸ್ತ ಚನ್ನವೀರಪ್ಪ, ಹಾಗೆ ನಪಾಸಾಗಿದ್ದ ಶಿವಗಂಗಾಳ ತಲೆಗೆ ಕಲಿತದ್ದನ್ನು ಹೀರುವ ಯಂತ್ರದ ಪಟ್ಟಿ ಬಿಗಿದ.

"ಅಂಜಬ್ಯಾಡವಾ, ಕೆಮಿಸ್ಟ್ರಿ ಅಷ್ಟ ಹೋಗ್ತದ. ಹೆಸರು, ಊರು, ಅಡಿಗಿ ಎಲ್ಲಾ ಹಂಗ ಇರ್ತಾವ."

"ನನಗ ಅಡಿಗಿ ಬರೂದ ಇಲ್ರಿ. ಬರೂದು ಇದೊಂದ."

ಅವನು ನಕ್ಕು ಗುಂಡಿ ಒತ್ತಿದ.

ಹೊರಬಂದಾಗ ಗೋಡೆಯ ಮೇಲಿನ ಆವರ್ತ ಕೋಷ್ಟಕ ಅವಳಿಗೆ ಬರೀ ಬಣ್ಣದ ಚೌಕಗಳಾಗಿ ಕಂಡಿತು. ಆದರೂ ಕಾಲುಗಳು ಅಭ್ಯಾಸದಂತೆ ಪ್ರಯೋಗಾಲಯಕ್ಕೇ ಹೋದವು. ಅಲ್ಲಿ ಜೂನಿಯರುಗಳು ಬಣ್ಣ ಬದಲಾಗುವ ತನಕ ಹನಿಹನಿಯಾಗಿ ದ್ರಾವಣ ಬೆರೆಸಿ ಅಳೆಯುವ ಟೈಟ್ರೇಷನ್ ಮಾಡುತ್ತಿದ್ದರು. ಯಾರೋ ತುಂಬಿಸಿಟ್ಟಿದ್ದ ಒಂದು ಉದ್ದನೆಯ ಗಾಜಿನ ನಳಿಗೆಯ, ಬ್ಯುರೆಟ್ಟಿನ, ಮುಂದೆ ಅವಳು ನಿಂತಳು. ಎಡಗೈ ತಾನಾಗಿಯೇ ಅದರ ತಿರುಪು ಹಿಡಿಯಿತು, ಬಲಗೈ ಕೆಳಗಿನ ಫ್ಲಾಸ್ಕನ್ನು ತಿರುವತೊಡಗಿತು. ಹನಿಗಳು ನಿಧಾನವಾದವು. ತುದಿಯಲ್ಲಿ ತೂಗುತ್ತಿದ್ದ ಅರ್ಧ ಹನಿಯನ್ನು ಕೈ ಫ್ಲಾಸ್ಕಿನ ಗೋಡೆಗೆ ತಾಗಿಸಿ, ನೀರು ಚಿಮುಕಿಸಿ ಒಳಗಿಳಿಸಿತು. ದ್ರವ ಒಂದು ಹನಿಯೂ ಹೆಚ್ಚಾಗದೆ, ಸರಿಯಾಗಿ ನಸುಗುಲಾಬಿಯಾಗಿ ಹಾಗೇ ನಿಂತಿತು.

ಅವಳು ಮರೆತ ಕೊಡೆ ಕೊಡಲು ಬಂದಿದ್ದ ಚನ್ನವೀರಪ್ಪ ಬಾಗಿಲಲ್ಲೇ ಬೆಚ್ಚಿದ.

"ಏ, ಏನೋ ಉಳದದ ನಿನ್ನ ಕಡೆ! ಅದು ಗುಲಾಬಿ ಯಾಕ ಆತು, ಹೇಳು ನೋಡೂಣು?"

"ಗೊತ್ತಿಲ್ರಿ."

"ಮತ್ತ ಹೆಂಗ ಮಾಡಿದಿ? ನಡಿ, ಉಳದದ್ದೂ ವಾಪಸ್ ಕೊಡು."

"ಉಳದದ್ದು ಕೈಯಾಗ ಐತ್ರಿ. ಕಡಕೊಂಡು ಹೋಗ್ರಿ ಹಂಗಾರ."

ಅವನು ಕೊಡೆಯನ್ನು ಅವಳ ಪಕ್ಕದ ಮೇಜಿಗೆ ಒರಗಿಸಿದ.

"ಗುಲಾಬಿ ಯಾಕ ಆಗ್ತದ ಅನ್ನೂದು ತಿಳಿಯೂ ತನಕ ನಾ ಇಲ್ಲೇ," ಎಂದು ಶಿವಗಂಗಾ ಬ್ಯುರೆಟ್ಟನ್ನು ಮತ್ತೆ ತುಂಬಿಸಿದಳು.