ಜೋಡಿ ವೈರು

ಕೆಲಸದಿಂದ ಬಂದವರು ಕೈಕಾಲು ತೊಳೆದು, ಮಣಿಕಟ್ಟಿಗೆ ಚಾರ್ಜರ್ ಸಿಕ್ಕಿಸಿಕೊಂಡು ಮೈಗೆ ಕರೆಂಟು ತುಂಬಿಸಿಕೊಳ್ಳುತ್ತ ಕೂರುವುದು ಎಲ್ಲ ಮನೆಗಳ ರೂಢಿ. ನಿದ್ದೆ ಎಂಬುದು ಅಜ್ಜಿಯರ ಮಾತಿನಲ್ಲಷ್ಟೇ ಉಳಿದಿತ್ತು. ವನಮಾಲಾ ತನ್ನ ಮದುವೆಯಲ್ಲಿ ತವರಿನವರು ಉಡುಗೊರೆ ಕೊಟ್ಟ ಜೋಡಿ ವೈರಿನ ಒಂದು ತುದಿಯನ್ನು ತಾನು ಸಿಕ್ಕಿಸಿಕೊಂಡು, ಇನ್ನೊಂದನ್ನು ಎಂದಿನಂತೆ ಗಂಡನತ್ತ ಚಾಚಿದಳು. ಒಂದೇ ಚಾರ್ಜರಿನ ಕರೆಂಟು ಇಬ್ಬರಿಗೆ ಹಂಚಿಹೋಗಿ, ಇಬ್ಬರೂ ತುಂಬಲು ಸಂಜೆಯೆಲ್ಲ ಹಿಡಿಯುತ್ತಿತ್ತು. ಅಷ್ಟು ಹೊತ್ತು ಯಾರೂ ಎದ್ದು ಹೋಗುವಂತಿರಲಿಲ್ಲ. ಹೆಚ್ಚು ಮಾತೂ ಇರುತ್ತಿರಲಿಲ್ಲ. ಆ ಮೌನಕ್ಕಾಗಿಯೇ ಅವಳು ದಿನವಿಡೀ ಕಾಯುತ್ತಿದ್ದಳು.

ಚನ್ನಕೇಶವ ಅದನ್ನು ಹಿಡಿಯದೆ ಚೀಲದಿಂದ ಹೊಸ ಚಾರ್ಜರ್ ತೆಗೆದ.

"ಆಫೀಸಲ್ಲಿ ಕೊಟ್ರು. ಕಾಫಿ ಕುಡಿಯೋಷ್ಟ್ರಲ್ಲಿ ಫುಲ್ ಆಗತ್ತೆ ಕಣೇ. ಆ ತಾತನ ಕಾಲದ್ದು ಯಾರಿಗೆ ಬೇಕು?"

"ಕಾಫಿ ಕುಡಿದ್ಮೇಲೆ?"

"ಆಮೇಲೇನು, ಹೊರಗಡೆ ಕೆಲಸ ಇಲ್ವಾ?"

"ಇವತ್ತೊಂದಿನ ಇದನ್ನೇ ಹಾಕ್ಕೊಳ್ರೀ."

"ಅಳೋದ್ಯಾಕೆ? ಲಾಭ ನಿಂಗೇ. ನನ್ನ ಪಾಲಿನ ಕರೆಂಟೂ ನಿಂದೇ ಇನ್ಮೇಲೆ," ಎಂದು ಅವನು ನಕ್ಕ.

ಅವಳ ಲೋಟದ ಕಾಫಿ ಇನ್ನೂ ಬಿಸಿಯಿರುವಾಗಲೇ ಅವನ ಚಾರ್ಜರಿನಲ್ಲಿ ಹಸಿರು ದೀಪ ಹತ್ತಿತು. ಅವನು ಚಪ್ಪಲಿ ಮೆಟ್ಟಿ ಹೊರಟುಹೋದ.

ವನಮಾಲಾ ಖಾಲಿ ತುದಿಯನ್ನು ಮಡಿಲಲ್ಲಿ ಹಿಡಿದು ಕೂತಳು. ಎಂದಿನಷ್ಟೇ ನಿಧಾನವಾಗಿ ತುಂಬಲಿ ಎಂದುಕೊಂಡಳು. ಆದರೆ ಆ ತುದಿಯಲ್ಲಿ ಯಾರೂ ಇಲ್ಲವೆಂಬುದು ಹಳೆಯ ಚಾರ್ಜರಿಗೆ ಆಗಲೇ ತಿಳಿದುಹೋಗಿತ್ತು. ಮದುವೆಯಾದಂದಿನಿಂದ ಮೊದಲ ಬಾರಿಗೆ ಅವಳೂ ಬೇಗ ತುಂಬಿದಳು.

ಕಿಟಕಿಯಾಚೆ ಇನ್ನೂ ಬಿಸಿಲಿತ್ತು. ಇಡೀ ಸಂಜೆ ಅವಳೊಬ್ಬಳಿಗೇ ಉಳಿದಿತ್ತು.