ಅಪ್ಪನ ಕಡೆ

ಕಣ್ಣಿನ ಒತ್ತಡ ಅಳೆದ ಡಾಕ್ಟರು ಉಪಕರಣವನ್ನು ಪಕ್ಕಕ್ಕಿಟ್ಟರು. ಎದುರಿಗೆ ಕೂತ ಹೆಂಗಸಿಗೆ ಅಕ್ಕಪಕ್ಕದ ನೋಟ ಆಗಲೇ ಹೋಗಿತ್ತು.

“ಬಾಗಿಲಿಗೆ ಡಿಕ್ಕಿ ಹೊಡೆದಾಗೆಲ್ಲ, ಕಣ್ಣು ತಲೆ ಮೇಲಿದೆಯಾ ಅಂತ ರೇಗಿಸ್ತಿದ್ದೆ,” ಎಂದ ಗಂಡ.

“ಕಣ್ಣಿನ ತುರಿಕೆಗೆ ಹಾಕ್ಕೊಂಡ್ರಲ್ಲ, ಅದು ಸ್ಟೀರಾಯ್ಡ್ ಹನಿ. ಎಲ್ಲರಿಗೂ ಹೀಗಾಗಲ್ಲ. ಅದನ್ನ ತಡೆಯದ ಗುಣ ಕೆಲವರಿಗೆ ವಂಶದಿಂದ್ಲೇ ಬಂದಿರುತ್ತೆ, ಅಂಥವರಿಗೆ ಒತ್ತಡ ಏರಿ ನರ ಹಾಳಾಗುತ್ತೆ. ಮನೇಲಿ ಬೇರೆ ಯಾರಾದ್ರೂ ಹಾಕ್ಕೊಳ್ತಿದ್ದಾರಾ?”

ಗಂಡನ ತೊಡೆಯ ಮೇಲಿದ್ದ ಮಗಳು ಕಣ್ಣುಜ್ಜಿಕೊಂಡಳು.

“ಇವಳಿಗೂ ಅದೇ ಬಾಟ್ಲಿದು,” ಎಂದಳು ತಾಯಿ. “ಯುಗಾದಿಯಿಂದ. ಹಾಕಿದ ತಕ್ಷಣ ತುರಿಕೆ ನಿಲ್ತಿತ್ತು.”

ಡಾಕ್ಟರು ಮಗುವಿನ ಕಡೆ ಬಾಗಿದರು.

“ಇವತ್ತೇ ನಿಲ್ಲಿಸಿ. ಇವಳ ಕಣ್ಣನ್ನೂ ಈಗ್ಲೇ ನೋಡ್ತೀನಿ. ನಿಮ್ಮ ಕಡೆ ಯಾರಿಗಾದ್ರೂ ದೃಷ್ಟಿ ಹೋಗಿತ್ತಾ?”

“ನಮ್ಮಜ್ಜಿಗೆ, ಅಮ್ಮನ ಅಮ್ಮನಿಗೆ. ಉಬ್ಬಸಕ್ಕೆ ವರ್ಷಗಟ್ಟಲೆ ಮಾತ್ರೆ ನುಂಗ್ತಿದ್ರು. ಕೊನೆಗೆ ಗೋಡೆ ಸವರ್ಕೊಂಡೇ ಓಡಾಡೋರು.”

“ಆ ಮಾತ್ರೇಲೂ ಸ್ಟೀರಾಯ್ಡ್ ಇದ್ದಿರಬೇಕು. ನಿಮಗೆ ಅಲ್ಲಿಂದ್ಲೇ ಬಂದಿರಬಹುದು. ಮಗೂಗೂ ಅಪಾಯ ಇದೆ. ಆದ್ರೆ ಅಪ್ಪ ಅಮ್ಮ ಇಬ್ಬರ ಕಡೆಯಿಂದ್ಲೂ ಬಂದ್ರೆ ಹೊಡೆತ ಜೋರು. ಇಲ್ಲಿ ಒಂದೇ ಕಡೆ ಅಲ್ವಾ, ಅಷ್ಟು ಹೆದರ್ಬೇಡಿ.”

ಹೆಂಡತಿ ಗಂಡನ ಕಡೆ ತಿರುಗಿದಳು. ಅವನು ಮಗಳ ಕೈಗಳನ್ನು ಕಣ್ಣಿನಿಂದ ಬಿಡಿಸಿ ಹಿಡಿದುಕೊಂಡಿದ್ದ.

“ನೀವು ಹೊರಗೆ ಕೂತಿರಿ ಸರ್, ನಿಮ್ಮನ್ನ ಪರೀಕ್ಷೆ ಮಾಡೋ ಅಗತ್ಯ ಇಲ್ಲ,” ಎಂದರು ಡಾಕ್ಟರು.

ಅವನು ಏಳಲಿಲ್ಲ.

“ನನ್ನ ಹೆಂಡ್ತಿ ಹೇಳಿದ ಆ ಅಜ್ಜಿ ನನ್ನ ತಾಯಿ, ಡಾಕ್ಟ್ರೇ.”