ಹೇಳಿದ ಹಾಗೆ ಕೇಳು

ನಿರ್ದೇಶಕ ಕು, ಬಿರುಕು ಪತ್ತೆಹಚ್ಚುವ ಯಂತ್ರದ ನೆತ್ತಿಯ ಮೇಲಿದ್ದ ಹಸಿರು ಪೊಟ್ಟಣವನ್ನು ಎತ್ತಿ ಶಿಂಗ್-ಫೆನ್‌ಳ ವರದಿಯ ಮೇಲೆ ತಂದಿಟ್ಟ. ಶಿಂಚು ನಗರದ ಆ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಇಂಥ ಪೊಟ್ಟಣ ಹೊರದ ಯಂತ್ರವೇ ಇರಲಿಲ್ಲ. ಒಳಗಿರುವುದು ಜೋಳದ ಕುರುಕಲು. ಹೆಸರಿನ ಅರ್ಥ 'ಹೇಳಿದ ಹಾಗೆ ಕೇಳು'; ಮೇಲಿಟ್ಟರೆ ಯಂತ್ರ ಕೆಡದೆ ಮಾತು ಕೇಳುತ್ತದೆಂಬ ನಂಬಿಕೆ. ಒಡೆದು ತಿಂದರೆ ಯಂತ್ರ ಮುನಿಸಿಕೊಳ್ಳುತ್ತದೆಂದು ಡಾಕ್ಟರೇಟ್ ಪಡೆದವರೂ ಹೆದರುತ್ತಿದ್ದರು.

"ಯಂತ್ರ ಸರಿಯಾಗೇ ಇದೆ ಕಣಮ್ಮ. ಮಾತು ಕೇಳದೆ ಇರೋದು ನೀನು," ಎಂದ ಕು. "ರೈಲುಗಾಲಿಯ ನಲವತ್ತು ಅಚ್ಚಲ್ಲಿ ಮೂರಕ್ಕೆ ತಾನೆ ಬಿರುಕು? ಆ ಮೂರು ಸಾಲು ತೆಗೆದುಬಿಡು. ನಿನ್ನ ಒಪ್ಪಂದಕ್ಕೆ ಈಗಲೇ ಮೊಹರು ಒತ್ತಿಕೊಡ್ತೀನಿ."

ಒಂಬತ್ತು ವರ್ಷ, ವರ್ಷಕ್ಕೊಮ್ಮೆ ಆ ಮೊಹರಿಗಾಗಿ ಕೈಕಟ್ಟಿ ನಿಂತವಳು ಅವಳು. ಈ ಸಂಜೆಗೆ ಒಪ್ಪಂದ ಮುಗಿಯುತ್ತಿತ್ತು. ನಲವತ್ತೆರಡರ ವಯಸ್ಸಿನವಳನ್ನು ಇನ್ಯಾರು ಕರೆದು ಕೆಲಸ ಕೊಟ್ಟಾರು? "ಸರ್, ಮೂರು ಸಲ ಅಳೆದೆ. ಕೈ ಮುಗೀತೀನಿ, ನೀವೇ ಒಂದು ಸಲ ನೋಡಿ."

"ನೋಡಿದ್ರೆ ನಾನೂ ನಿನ್ನ ಜೊತೆ ಬೀದಿಗೆ ಬೀಳ್ತೀನಿ," ಎಂದ ಕು. ಮೂಲೆಯಲ್ಲಿ ನಟ್ಟು ಬಿಗಿಯುತ್ತಿದ್ದ ಮುದುಕ ಮೇಸ್ತ್ರಿ ಲಾಯ್ ತಲೆ ಎತ್ತಲಿಲ್ಲ.

ಶಿಂಗ್-ಫೆನ್ ಪೊಟ್ಟಣ ಕೈಗೆತ್ತಿಕೊಂಡಳು. ಯಂತ್ರದ ಮೇಲೆ ವಾಪಸ್ ಇಡುತ್ತಾಳೆಂದುಕೊಂಡು ಕು ಜೇಬಿನಿಂದ ಮೊಹರು ತೆಗೆದ. ಅವಳು ಪೊಟ್ಟಣವನ್ನು ಪರ್ರನೆ ಹರಿದು ಒಂದು ಹಿಡಿ ಬಾಯಿಗೆ ತುರುಕಿಕೊಂಡಳು.

"ಅಯ್ಯೋ, ತಿನ್ಬೇಡ!" ಕು ಕಿರುಚಿಯೇಬಿಟ್ಟ.

ಕಣ್ಣಲ್ಲಿ ನೀರು ತುಂಬಿದರೂ ಅವಳು ಕುರುಕುರು ಅಗಿಯುತ್ತಲೇ ಇದ್ದಳು. ಯಂತ್ರ ತನ್ನ ಪಾಡಿಗೆ ಗುಂಯ್‌ಗುಡುತ್ತಿತ್ತು. ಲಾಯ್ ಸ್ಪಾನರ್ ಕೆಳಗಿಟ್ಟು ಎದ್ದುಬಂದ. ಕು ನೋಡುತ್ತಿದ್ದಂತೆಯೇ, ಗ್ರೀಸು ಮೆತ್ತಿದ ಅಂಗೈ ಅವಳ ಮುಂದೆ ಚಾಚಿದ.

"ನಂಗೂ ಒಂದ್ ಹಿಡಿ ಹಾಕು ಮಗಾ."